ಪ್ಲೈವುಡ್ ಹಲಗೆಯ ಮೇಲಿನ ಪರೀಕ್ಷೆಗಳು: ಒಂದು ಹವ್ಯಾಸಿ ಯಂತ್ರದ ನೆನಪು

ತಿರುಗುವ ಅಲಗುಳ್ಳ ಸರಳೊಂದನ್ನು, ಅಂದರೆ ಬಿಟ್ಟನ್ನು, ಅಂಕಿಗಳ ಆಜ್ಞೆಯಂತೆ ಉದ್ದ, ಅಗಲ, ಆಳ ಎಂಬ ಮೂರು ದಿಕ್ಕುಗಳಲ್ಲಿ ನಡೆಸಿ ಮರ, ಪ್ಲಾಸ್ಟಿಕ್ ಮತ್ತು ಮೆದು ಲೋಹಗಳನ್ನು ಕೊರೆಯುವ ಯಂತ್ರವನ್ನು ಸಿಎನ್‌ಸಿ ರೌಟರ್ ಎಂದು ಕರೆಯುವುದು ವಾಡಿಕೆ. ಅಂಕಿಗಳಿಂದ ಯಂತ್ರವನ್ನು ನಡೆಸುವ ಈ ವಿದ್ಯೆಯು ಅಮೆರಿಕದ ಮಿಷಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಹೆಲಿಕಾಪ್ಟರಿನ ರೆಕ್ಕೆಗಳ ತಯಾರಿಕೆಗೆ ಹುಡುಕಿದ ಉಪಾಯದಿಂದ ಮೊಳೆತು, 1952ರಲ್ಲಿ ಎಂಐಟಿಯ ಪ್ರಯೋಗಾಲಯದಲ್ಲಿ ತೂತು ಕೊರೆದ ಕಾಗದದ ಪಟ್ಟಿಯನ್ನು ಓದಿ ಕೆಲಸಮಾಡುವ ಮಿಲ್ಲಿಂಗ್ ಯಂತ್ರವಾಗಿ ಪ್ರದರ್ಶನಗೊಂಡಿತು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಅದು ದೊಡ್ಡ ಕಾರ್ಖಾನೆಗಳ ಸ್ವತ್ತಾಗಿಯೇ ಉಳಿಯಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಎಂಬಾತನು ಅಂಗೈಯಗಲದ ಆರ್ಡುಯಿನೊ ಫಲಕದ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶವನ್ನು ಬರೆದದ್ದು, 2011ರಲ್ಲಿ ಎಡ್ವರ್ಡ್ ಫೋರ್ಡ್ ಎಂಬ ಅಮೆರಿಕದ ಹವ್ಯಾಸಿಯು ಶೇಪೋಕೊ ಎಂಬ ಅಗ್ಗದ ಯಂತ್ರದ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟದ್ದು, ಈ ಎರಡೂ ಸೇರಿ ಆ ಸ್ವತ್ತನ್ನು ಮನೆಯ ಮಹಡಿಗೆ ತಂದವು.

ಬೆಂಗಳೂರಿನಂಥ ಊರಿನಲ್ಲಿ ಇದರ ಪರಿಣಾಮ ಬೇಗ ಕಾಣಿಸಿಕೊಂಡದ್ದು ಆಶ್ಚರ್ಯವಲ್ಲ. ಎಸ್.ಪಿ. ರಸ್ತೆಯಲ್ಲಿ ಸ್ಟೆಪ್ಪರ್ ಮೋಟರು ಮತ್ತು ವಿದ್ಯುನ್ಮಾನ ಬಿಡಿಭಾಗಗಳು, ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಬೇರಿಂಗು ಮತ್ತು ಪುಲ್ಲಿಗಳು, ಪೀಣ್ಯದಲ್ಲಿ ಅಲ್ಯೂಮಿನಿಯಂ ತುಂಡುಗಳನ್ನು ಅಳತೆಗೆ ಕೊಯ್ದುಕೊಡುವ ಸಣ್ಣ ವರ್ಕ್‌ಶಾಪುಗಳು ಇರುವಾಗ, ಮನಸ್ಸುಳ್ಳವರಿಗೆ ಇಂಥ ಯಂತ್ರವನ್ನು ಜೋಡಿಸುವುದು ದುಬಾರಿಯ ಕೆಲಸವಾಗಿರಲಿಲ್ಲ. ಆ ದಶಕದ ಮಧ್ಯಭಾಗದಲ್ಲಿ ಹಾಗೆ ಯಂತ್ರ ಕಟ್ಟಿದ ಒಂದು ಪುಟ್ಟ ಗುಂಪಿನಲ್ಲಿ ಈ ಲೇಖಕನೂ ಇದ್ದನು. ಬಾಡಿಗೆ ಮನೆಯೊಂದರ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಎದ್ದು ನಿಂತ ಆ ಯಂತ್ರವು ಎರಡಡಿ ಚದರದಷ್ಟು ಕೆಲಸದ ಜಾಗವನ್ನು ಹೊಂದಿತ್ತು. ಅದರ ಉದ್ದಗಲದ ಚಲನೆ ಹಲ್ಲುಳ್ಳ ರಬ್ಬರ್ ಬೆಲ್ಟಿನಿಂದಲೂ ಏರಿಳಿತವು ಉದ್ದನೆಯ ಸ್ಕ್ರೂವಿನಿಂದಲೂ ನಡೆಯುತ್ತಿದ್ದವು. ಕತ್ತರಿಸುವ ಕೆಲಸವನ್ನು ಬಡಗಿಗಳು ಲ್ಯಾಮಿನೇಟಿನ ಅಂಚು ಸವರಲು ಬಳಸುವ ಕೈರೌಟರಿಗೆ, ಅಂದರೆ ಟ್ರಿಮ್ಮರಿಗೆ, ವಹಿಸಲಾಗಿತ್ತು. ಯಂತ್ರ ಕಟ್ಟುವ ಕಥೆಗಿಂತ ಅದನ್ನು ಪರೀಕ್ಷಿಸಿದ ಕಥೆಯೇ ಹೆಚ್ಚು ಬೋಧಪ್ರದವಾದುದರಿಂದ ಇಲ್ಲಿ ಅದಕ್ಕಷ್ಟೇ ಗಮನ ಕೊಡಲಾಗಿದೆ.

ಇಂಥ ಯಂತ್ರಗಳ ಮಾರಾಟಪತ್ರಗಳಲ್ಲಿ ಎದ್ದು ಕಾಣುವ ಅಂಕಿಗಳು ಎರಡು: ಗರಿಷ್ಠ ವೇಗ ಮತ್ತು ಸೂಕ್ಷ್ಮತೆ. ಎರಡನೆಯದನ್ನು ಲೆಕ್ಕಹಾಕುವುದು ಬಹಳ ಸುಲಭ. ಸಾಮಾನ್ಯ ಸ್ಟೆಪ್ಪರ್ ಮೋಟರು ಒಂದು ಸುತ್ತಿಗೆ 200 ಹೆಜ್ಜೆಗಳನ್ನು ಇಡುತ್ತದೆ. ಅದನ್ನು ನಡೆಸುವ ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟಾಗಿ ಸೀಳಿದರೆ 1600 ಸಣ್ಣ ಹೆಜ್ಜೆಗಳಾಗುತ್ತವೆ. 2 ಮಿಲಿಮೀಟರ್ ಅಂತರದ 20 ಹಲ್ಲುಗಳ ಪುಲ್ಲಿಯು ಒಂದು ಸುತ್ತಿಗೆ ಬೆಲ್ಟನ್ನು 40 ಮಿಲಿಮೀಟರ್ ಎಳೆಯುವುದರಿಂದ ಮಿಲಿಮೀಟರಿಗೆ 40 ಹೆಜ್ಜೆ, ಹೆಜ್ಜೆಗೆ 0.025 ಮಿಲಿಮೀಟರ್ ಎಂದು ಉತ್ತರ ಬರುತ್ತದೆ. ಕಾಗದದ ಮೇಲೆ ಇದು ಕೂದಲೆಳೆಗಿಂತ ಕಿರಿದು. ಆದರೆ ಈ ಅಂಕಿ ಮೋಟರಿಗೆ ಕೊಟ್ಟ ಅಪ್ಪಣೆಯ ಅಳತೆಯೇ ಹೊರತು ಬಿಟ್ಟಿನ ತುದಿ ನಿಜವಾಗಿ ಎಲ್ಲಿ ನಿಂತಿದೆ ಎಂಬುದರ ಅಳತೆಯಲ್ಲ. ಬೆಲ್ಟು ಹಿಗ್ಗುತ್ತದೆ, ಚಕ್ರಗಳು ಅದುಮಿಕೊಳ್ಳುತ್ತವೆ, ಚೌಕಟ್ಟು ತಿರುಚಿಕೊಳ್ಳುತ್ತದೆ. ಮೇಲಾಗಿ ಸ್ಟೆಪ್ಪರ್ ಮೋಟರು ತಾನು ಅಪ್ಪಣೆಯಂತೆ ನಡೆದೆನೋ ಇಲ್ಲವೋ ಎಂದು ಹಿಂದಿರುಗಿ ವರದಿ ಮಾಡುವುದಿಲ್ಲ. ತಡೆ ಹೆಚ್ಚಾದಾಗ ಅದು ಹೆಜ್ಜೆ ತಪ್ಪಿದರೂ ಗಣಕವು ಎಲ್ಲವೂ ಸರಿಯಾಗಿದೆ ಎಂದು ಭಾವಿಸಿ ಮುಂದಿನ ಆಜ್ಞೆಯನ್ನು ಕಳುಹಿಸುತ್ತಲೇ ಇರುತ್ತದೆ. ಮಾರಾಟಪತ್ರದ ವೇಗವಂತೂ ಗಾಳಿಯಲ್ಲಿ ಓಡುವ ವೇಗ; ಮರದೊಳಗೆ ಅದರ ಅರ್ಧವೂ ಉಳಿಯುವುದಿಲ್ಲ.

ಆದುದರಿಂದ ಕೊಯ್ತದ ಪರೀಕ್ಷೆಯನ್ನು ಮರದಿಂದ ಆರಂಭಿಸದಿರುವುದು ಲೇಸೆಂಬ ನಿಲುವಿಗೆ ಆ ಗುಂಪು ಬಂದಿತು. ಮೊದಲು ಟ್ರಿಮ್ಮರಿನ ಜಾಗದಲ್ಲಿ ಒಂದು ಬಾಲ್‌ಪೆನ್ನನ್ನು ಕಟ್ಟಿ, ಹಲಗೆಯ ಮೇಲೆ ಅಂಟಿಸಿದ ದೊಡ್ಡ ಹಾಳೆಯ ಮೇಲೆ ಚೌಕ ಮತ್ತು ವೃತ್ತಗಳನ್ನು ಬರೆಯಿಸಲಾಯಿತು. ಚೌಕದ ಬದಿಗಳನ್ನು ಉಕ್ಕಿನ ಅಳತೆಪಟ್ಟಿಯಿಂದ ಅಳೆದು ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂಬ ಸಂಖ್ಯೆಯನ್ನು ತಿದ್ದಬಹುದು. ಎರಡು ಕರ್ಣಗಳನ್ನು ಅಳೆದರೆ ಅಕ್ಷಗಳು ಒಂದಕ್ಕೊಂದು ಲಂಬವಾಗಿವೆಯೇ ಎಂಬುದು ತಿಳಿಯುತ್ತದೆ, ಏಕೆಂದರೆ ಮೂಲೆ ಸ್ವಲ್ಪ ವಾಲಿದ್ದರೂ ಒಂದು ಕರ್ಣ ಉದ್ದವಾಗಿ ಇನ್ನೊಂದು ಗಿಡ್ಡವಾಗುತ್ತದೆ. ಗಾರೆಯವರು ಪಾಯ ಗುರುತಿಸುವಾಗ ದಾರ ಹಿಡಿದು ಮಾಡುವುದೂ ಇದನ್ನೇ. ವೃತ್ತವು ಇನ್ನೊಂದು ವಿಷಯವನ್ನು ಹೊರಗೆಡಹುತ್ತದೆ: ಅದನ್ನು ಬರೆಯುವಾಗ ಪ್ರತಿಯೊಂದು ಅಕ್ಷವೂ ಎರಡು ಕಡೆ ದಿಕ್ಕು ಬದಲಿಸಬೇಕಾಗುವುದರಿಂದ, ಜೋಡಣೆಯಲ್ಲಿ ಸಡಿಲವಿದ್ದರೆ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಪ್ಲೇ ಇದ್ದರೆ, ಆ ನಾಲ್ಕು ಬಿಂದುಗಳಲ್ಲಿ ಗೆರೆ ಚಪ್ಪಟೆಯಾಗುತ್ತದೆ ಇಲ್ಲವೆ ಮೆಟ್ಟಿಲಾಗುತ್ತದೆ. ಪೆನ್ನಿಗೆ ತಡೆಯೇ ಇಲ್ಲದಿರುವುದರಿಂದ ಹಾಳೆಯ ಮೇಲೆ ಕಾಣುವ ದೋಷಗಳೆಲ್ಲ ಚೌಕಟ್ಟಿನವು, ಮರದವಲ್ಲ.

ಮುಂದಿನದು ಬಿಗುವಿನ ಪರೀಕ್ಷೆ. ಪ್ರಯಾಣದ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಬಿಟ್ಟಿನ ಬುಡಕ್ಕೆ ಸಿಕ್ಕಿಸಿ, ಮೋಟರುಗಳಿಗೆ ವಿದ್ಯುತ್ತು ಕೊಟ್ಟು ನಿಲ್ಲಿಸಿ, ಎರಡು ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದು, ಇನ್ನೊಂದು ಬದಿಯಲ್ಲಿಟ್ಟ ಡಯಲ್ ಗೇಜಿನಲ್ಲಿ ಮುಳ್ಳು ಎಷ್ಟು ಸರಿಯಿತು ಎಂದು ಓದುವುದು ಇದರ ಕ್ರಮ. ಸೇತುವೆಯಂತೆ ಅಡ್ಡಲಾಗಿ ನಿಂತ ತೊಲೆಯ ದಿಕ್ಕಿನಲ್ಲಿ ಎಳೆದಾಗ ಮುಳ್ಳು ಕಡಿಮೆ ಸರಿಯಿತು. ತೊಲೆಗೆ ಲಂಬವಾಗಿ ಎಳೆದಾಗ ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗದಷ್ಟು ಸರಿಯಿತು. ಅಪ್ಪಣೆಯ ಸೂಕ್ಷ್ಮತೆಗೂ ತುದಿಯ ಅಲುಗಾಟಕ್ಕೂ ನಡುವೆ ಎಂಟು ಪಟ್ಟು ಅಂತರವಿದೆ ಎಂಬುದು ಹೀಗೆ ಮರ ಮುಟ್ಟುವ ಮೊದಲೇ ತಿಳಿದುಬಂದಿತು. ಬಿಟ್ಟಿನ ವಿಷಯದಲ್ಲಿ ಯಂತ್ರಶಾಸ್ತ್ರದ ನಿಯಮ ಇನ್ನೂ ಕಠೋರವಾದುದು: ಹೊರಚಾಚಿದ ಸರಳಿನ ಬಾಗುವಿಕೆಯು ಅದರ ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ 3 ಮಿಲಿಮೀಟರಿನ ಬಿಟ್ಟು 6 ಮಿಲಿಮೀಟರಿನದಕ್ಕಿಂತ 16 ಪಟ್ಟು ಹೆಚ್ಚು ಬಾಗುತ್ತದೆ; ಬಿಟ್ಟನ್ನು ಕಾಲೆಟ್ಟಿನೊಳಗೆ, ಎಂದರೆ ಅದನ್ನು ಹಿಡಿಯುವ ಸೀಳುಳ್ಳ ಬಳೆಯೊಳಗೆ, ಇನ್ನಷ್ಟು ಸರಿಸಿ ಹೊರಚಾಚನ್ನು ಅರ್ಧಕ್ಕಿಳಿಸಿದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಬರುತ್ತದೆ. ಹಣ ಖರ್ಚಿಲ್ಲದೆ ಸಿಗುವ ಬಿಗುವು ಇದೊಂದೇ.

ಇನ್ನು ಹಲಗೆಯ ವಿಷಯ. ಪ್ಲೈವುಡ್ ಎಂಬುದು ಮರದ ದಿಮ್ಮಿಯನ್ನು ಪೆನ್ಸಿಲ್ ಹೆರೆದಂತೆ ಸುತ್ತುಸುತ್ತಾಗಿ ಸುಲಿದು ತೆಗೆದ ತೆಳುಪದರಗಳನ್ನು, ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡವಾಗುವಂತೆ ಜೋಡಿಸಿ, ಅಂಟು ಹಚ್ಚಿ, ಬಿಸಿಯೊತ್ತಿನಲ್ಲಿ ಬೆಸೆದ ವಸ್ತು. ಬೆಂಗಳೂರಿನ ಅಂಗಡಿಗಳಿಗೆ ಅದು ಬರುವುದು ಹಲವು ಮೂಲೆಗಳಿಂದ: ಹರಿಯಾಣದ ಯಮುನಾನಗರದಿಂದ ಪಾಪ್ಲರ್ ಮತ್ತು ನೀಲಗಿರಿ ಮರದ ಹಲಗೆ, ಕೇರಳದ ಪೆರುಂಬಾವೂರಿನಿಂದ ರಬ್ಬರ್ ಮರದ ಹಲಗೆ, ಕೊಡಗು, ಹಾಸನ, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಬೆಳೆಸಿದ ಸಿಲ್ವರ್ ಓಕ್ ದಿಮ್ಮಿಗಳೂ ಪ್ಲೈವುಡ್ ಕಾರ್ಖಾನೆಗಳಿಗೇ ಹೋಗುತ್ತವೆ. ಮೇಲ್ಪದರಕ್ಕೆ ಬಹುಕಾಲ ಬರ್ಮಾದ ಗರ್ಜನ್ ಮರವೇ ಹೆಸರಾಗಿತ್ತು. 2014ರ ಏಪ್ರಿಲ್‌ನಲ್ಲಿ ಆ ದೇಶವು ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ ಬೇರೆ ಮರಗಳ ಮೇಲ್ಪದರ ಹೆಚ್ಚಾಗಿ ಬಳಕೆಗೆ ಬಂದಿತು. ಅಂಗಡಿಯಲ್ಲಿ ಕಮರ್ಷಿಯಲ್ ಎಂದು ಕೇಳಿದರೆ ಸಿಗುವುದು ತೇವವನ್ನಷ್ಟೇ ತಾಳುವ ಎಂಆರ್ ದರ್ಜೆಯ ಹಲಗೆ, ಅದರ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ನೀರು ತಾಳುವ ದರ್ಜೆಗಳಲ್ಲಿ ಕಂದು ಬಣ್ಣದ ಫೀನಾಲ್ ಅಂಟು ಇರುತ್ತದೆ. ತುಮಕೂರು ರಸ್ತೆಯಲ್ಲಿ ಈ ವಸ್ತುವಿನ ಸಂಶೋಧನೆಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಇದ್ದ ಊರಿನಲ್ಲಿ ಹವ್ಯಾಸಿಗಳು ಅಂಗಡಿಯವನ ಮಾತನ್ನಷ್ಟೇ ನಂಬಿ ಹಲಗೆ ಕೊಳ್ಳುತ್ತಿದ್ದುದು ವಿಚಿತ್ರವೆನಿಸಬಹುದು. ಆದರೆ ಅರ್ಧ ಶೀಟು ಕೊಳ್ಳುವವನಿಗೆ ಅದಕ್ಕಿಂತ ಬೇರೆ ದಾರಿಯೂ ಇರಲಿಲ್ಲ.

ಇಂಥ ಹಲಗೆ ಯಂತ್ರಪರೀಕ್ಷೆಗೆ ಅನುಕೂಲವೂ ಹೌದು, ಅಡ್ಡಿಯೂ ಹೌದು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಎಲ್ಲ ದಿಕ್ಕಿನಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯದಾದುದರಿಂದ ಅದರಲ್ಲಿ ಕೊಯ್ತ ಕೆಟ್ಟರೆ ಯಂತ್ರವನ್ನೇ ಗುರಿಮಾಡಬಹುದು. ಪ್ಲೈವುಡ್ಡಿನಲ್ಲಿ ಹಾಗಲ್ಲ, ಒಂದು ಪದರ ಎಳೆಯ ಉದ್ದಕ್ಕೂ ಕೆಳಗಿನದು ಎಳೆಗೆ ಅಡ್ಡವಾಗಿಯೂ ಏಕಕಾಲಕ್ಕೆ ಕೊಯ್ಯಲ್ಪಡುತ್ತವೆ, ನಡುವೆ ಗಟ್ಟಿ ಅಂಟಿನ ರೇಖೆಗಳು ಬರುತ್ತವೆ, ಒಳಪದರಗಳ ತುಂಡುಗಳು ಕೂಡದ ಕಡೆ ಪೊಳ್ಳು ಇರುತ್ತದೆ. ಹೀಗಿರುವಾಗ ಕೆಟ್ಟ ಅಂಚೊಂದು ಕಂಡರೆ ಅದು ಯಂತ್ರದ ಸಡಿಲವೋ, ಬಿಟ್ಟಿನ ಮೊಂಡುತನವೋ, ಹಲಗೆಯ ದೋಷವೋ ಎಂದು ವಿಭಾಗಿಸುವುದೇ ಪರೀಕ್ಷೆಯ ನಿಜವಾದ ಕಷ್ಟ. ಆ ಕೋಣೆಯಲ್ಲಿ ನಡೆದ ಬಹುಪಾಲು ವಾದಗಳು ಇದರ ಸುತ್ತಲೇ ನಡೆದವು, ಮತ್ತು ಒಂದೇ ಪರೀಕ್ಷೆಯನ್ನು ಮೊದಲು ಎಂಡಿಎಫ್‌ನಲ್ಲಿ, ಬಳಿಕ ಅದೇ ಅಂಕಿಗಳೊಂದಿಗೆ ಪ್ಲೈವುಡ್ಡಿನಲ್ಲಿ ನಡೆಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಪದ್ಧತಿ ಹುಟ್ಟಿದ್ದೂ ಇದರಿಂದಲೇ.

ಮುಖ್ಯ ಪರೀಕ್ಷೆಯು ತೋಡುಗಳದು. ಕೈಯುದ್ದದ 12 ಮಿಲಿಮೀಟರ್ ಹಲಗೆಯೊಂದನ್ನು ಕೆಳಹಾಸಿನ ಎಂಡಿಎಫ್ ಮೇಲೆ ಸ್ಕ್ರೂ ಹೊಡೆದು ಕೂರಿಸಿ, ಅದರ ಮೇಲೆ ಸಮಾನಾಂತರವಾಗಿ ತೋಡುಗಳನ್ನು ಕೊರೆಯಿಸುತ್ತ, ಪ್ರತಿ ತೋಡಿಗೂ ಬಿಟ್ಟಿನ ಮುನ್ನಡೆಯ ವೇಗವನ್ನು ಏರಿಸುವುದು. ಒಂದು ಸಾಲು ಮುಗಿದ ಮೇಲೆ ಆಳವನ್ನು ಅರ್ಧ ಮಿಲಿಮೀಟರ್ ಹೆಚ್ಚಿಸಿ ಮತ್ತೆ ಅದೇ ವೇಗಗಳನ್ನು ಅನುಸರಿಸುವುದು. ಮುನ್ನಡೆಯ ವೇಗ, ಅಂದರೆ ಫೀಡ್, ನಿಮಿಷಕ್ಕೆ ಇಷ್ಟು ಮಿಲಿಮೀಟರ್ ಎಂದು ಎಣಿಸಲ್ಪಡುತ್ತದೆ. ಕೆಲಸದ ಆರಂಭದಲ್ಲಿ ಹಲಗೆಯ ಮೂಲೆಯೊಂದರಲ್ಲಿ ಸಣ್ಣ ತೂತು ಕೊರೆದು, ಕೊನೆಯಲ್ಲಿ ಯಂತ್ರವನ್ನು ಅದೇ ಸ್ಥಾನಕ್ಕೆ ಮರಳಿಸಿ ಬಿಟ್ಟು ಆ ತೂತಿಗೇ ಇಳಿಯುತ್ತದೆಯೇ ಎಂದು ನೋಡಲಾಗುತ್ತಿತ್ತು. ಇಳಿಯದಿದ್ದರೆ ನಡುವೆ ಎಲ್ಲೋ ಮೋಟರು ಹೆಜ್ಜೆ ತಪ್ಪಿದೆ ಎಂದು ಅರ್ಥ. ಪ್ರತಿ ತೋಡಿನ ಪಕ್ಕದಲ್ಲಿ ವೇಗ ಮತ್ತು ಆಳವನ್ನು ಪೆನ್ಸಿಲಿನಿಂದ ಹಲಗೆಯ ಮೇಲೆಯೇ ಬರೆಯುವ ನಿಯಮವಿತ್ತು. ನೋಟ್‌ಬುಕ್ಕುಗಳು ಕಳೆದುಹೋದವು, ಗಣಕದ ಕಡತಗಳು ಹಳೆಯ ಡಿಸ್ಕುಗಳೊಂದಿಗೆ ಅಳಿದವು. ಅಂಕಿ ಬರೆದ ಹಲಗೆಗಳು ಮಾತ್ರ ಉಳಿದಿವೆ, ಮತ್ತು ಈ ಬರಹದ ಬಹುಪಾಲು ವಿವರ ಅವುಗಳಿಂದಲೇ ಬಂದದ್ದು.

ಮೊದಲ ಹಲಗೆಗಳಲ್ಲಿ ಎದ್ದು ಕಂಡದ್ದು ಕಪ್ಪು. ತೋಡುಗಳ ಬದಿಗಳು ಸುಟ್ಟು ಕಂದಿದ್ದವು, ಕೋಣೆಯಲ್ಲಿ ಕಮಟು ವಾಸನೆ ನಿಂತಿತ್ತು, ಬಿಟ್ಟು ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು. ಯಂತ್ರದ ಮೇಲೆ ಭಾರ ಹೆಚ್ಚಾಗಿದೆ ಎಂದು ಊಹಿಸಿ ಮುನ್ನಡೆಯ ವೇಗವನ್ನು ತಗ್ಗಿಸಿದಷ್ಟೂ ಕಪ್ಪು ಹೆಚ್ಚಿತು. ಕೆಳಮನೆಯ ಬಾಗಿಲಿನ ಕೆಲಸಕ್ಕೆ ಬಂದಿದ್ದ ಹಿರಿಯ ಆಚಾರಿಯೊಬ್ಬರು ಸದ್ದು ಕೇಳಿ ಮೇಲೆ ಬಂದು, ತೋಡಿನ ಅಂಚಿನ ಮೇಲೆ ಉಗುರಾಡಿಸಿ, ಕೆಳಗೆ ಬಿದ್ದ ಪುಡಿಯನ್ನು ಎರಡು ಬೆರಳುಗಳ ನಡುವೆ ಹೊಸೆದು, "ಇದು ಕುಯ್ತಾ ಇಲ್ಲ ಸಾರ್, ಉಜ್ತಾ ಐತೆ" ಎಂದು ಹೇಳಿ ಹೋದರು. ಶಾಸ್ತ್ರದ ಮಾತಿನಲ್ಲಿ ಇದನ್ನು ಹೇಳುವುದಾದರೆ ಚಕ್ಕೆಯ ದಪ್ಪ ಎಂಬ ಕಲ್ಪನೆಯನ್ನು ತರಬೇಕಾಗುತ್ತದೆ. ಬಿಟ್ಟಿನ ಪ್ರತಿಯೊಂದು ಅಲಗು ಒಂದು ಸುತ್ತಿನಲ್ಲಿ ಎಷ್ಟು ದಪ್ಪದ ಮರವನ್ನು ಕಚ್ಚಿ ತೆಗೆಯುತ್ತದೆ ಎಂಬುದೇ ಚಕ್ಕೆಯ ದಪ್ಪ. ಮುನ್ನಡೆಯ ವೇಗವನ್ನು ನಿಮಿಷದ ಸುತ್ತುಗಳಿಂದಲೂ ಅಲಗುಗಳ ಸಂಖ್ಯೆಯಿಂದಲೂ ಭಾಗಿಸಿದರೆ ಅದು ದೊರೆಯುತ್ತದೆ. ಆ ಟ್ರಿಮ್ಮರಿಗೆ ಇದ್ದದ್ದು ಒಂದೇ ವೇಗ, ನಿಮಿಷಕ್ಕೆ 30,000 ಸುತ್ತು. ಎರಡು ಅಲಗಿನ ಬಿಟ್ಟನ್ನು ನಿಮಿಷಕ್ಕೆ 600 ಮಿಲಿಮೀಟರ್ ವೇಗದಲ್ಲಿ ನಡೆಸಿದರೆ ಚಕ್ಕೆಯ ದಪ್ಪ 0.01 ಮಿಲಿಮೀಟರ್ ಆಗುತ್ತದೆ. ಎಷ್ಟೇ ಹರಿತವಾದ ಅಲಗಿನ ಅಂಚಿಗೂ ಒಂದಿಷ್ಟು ದುಂಡುತನ ಇದ್ದೇ ಇರುತ್ತದೆ. ಕಚ್ಚುವ ದಪ್ಪವು ಆ ದುಂಡುತನದ ಸಮೀಪಕ್ಕೆ ಬಂದಾಗ ಅಲಗು ಮರದೊಳಗೆ ನುಗ್ಗುವ ಬದಲು ಅದರ ಮೇಲೆ ಜಾರಿ ತಿಕ್ಕುತ್ತದೆ, ತಿಕ್ಕಾಟದ ಕಾವನ್ನು ಹೊತ್ತೊಯ್ಯಲು ಚಕ್ಕೆಯೂ ಇಲ್ಲದುದರಿಂದ ಆ ಕಾವೆಲ್ಲ ಬಿಟ್ಟಿಗೂ ಮರಕ್ಕೂ ಇಳಿಯುತ್ತದೆ. ಆಚಾರಿಯವರು ಬೆರಳಿನಿಂದ ಹೊಸೆದು ನೋಡಿದ್ದು ಇದನ್ನೇ: ಕೊಯ್ತದಿಂದ ಬಿದ್ದದ್ದು ಹಿಟ್ಟು, ಚಕ್ಕೆಯಲ್ಲ.

ಮರದ ಕೆಲಸಕ್ಕೆ ಈ ಗಾತ್ರದ ಬಿಟ್ಟಿನಲ್ಲಿ ಕನಿಷ್ಠ 0.05 ಮಿಲಿಮೀಟರ್ ಚಕ್ಕೆಯಾದರೂ ಬೇಕೆಂದು ಇಟ್ಟುಕೊಂಡರೆ, ಅದೇ ಟ್ರಿಮ್ಮರಿನಲ್ಲಿ ನಿಮಿಷಕ್ಕೆ 3000 ಮಿಲಿಮೀಟರ್ ಓಡಬೇಕಾಗುತ್ತದೆ, ಮತ್ತು ಆ ವೇಗದಲ್ಲಿ ಮರವನ್ನು ತಳ್ಳುವ ಶಕ್ತಿ ಆ ಮೋಟರುಗಳಿಗೆ ಇರಲಿಲ್ಲ. ಸ್ಟೆಪ್ಪರ್ ಮೋಟರಿನ ತಿರುಗುಬಲ ವೇಗ ಏರಿದಂತೆಲ್ಲ ಕುಸಿಯುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಮೂರು ದಾರಿಗಳನ್ನು ಪ್ರಯತ್ನಿಸಲಾಯಿತು. ಫ್ಯಾನಿನ ರೆಗ್ಯುಲೇಟರಿನಂಥ ಡಿಮ್ಮರನ್ನು ಟ್ರಿಮ್ಮರಿಗೆ ಜೋಡಿಸಿ ಸುತ್ತುಗಳನ್ನು ಇಳಿಸುವುದು ಅವುಗಳಲ್ಲಿ ಅತ್ಯಂತ ಅಗ್ಗವಾದುದು, ಅಷ್ಟೇ ನಿಷ್ಪ್ರಯೋಜಕವಾದುದು: ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿದ್ದ ಮೋಟರು ಮರಕ್ಕೆ ತಾಗಿದೊಡನೆ ಇನ್ನಷ್ಟು ನಿಧಾನವಾಗಿ ಉಸಿರು ಕಟ್ಟುತ್ತಿತ್ತು, ಏಕೆಂದರೆ ಭಾರ ಬಿದ್ದಾಗ ಸುತ್ತುಗಳನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ಎರಡನೆಯದು ಒಂದೇ ಅಲಗಿನ ಬಿಟ್ಟು. ಅಲಗುಗಳ ಸಂಖ್ಯೆ ಅರ್ಧವಾದೊಡನೆ ಅದೇ ಸುತ್ತು, ಅದೇ ಮುನ್ನಡೆಗೆ ಚಕ್ಕೆಯ ದಪ್ಪ ಇಮ್ಮಡಿಯಾಗುತ್ತದೆ; ನಿಮಿಷಕ್ಕೆ 1500 ಮಿಲಿಮೀಟರಿನಲ್ಲಿ ಬೇಕಾದ 0.05 ಸಿಗುತ್ತದೆ. ಅಕ್ರಿಲಿಕ್ ಬೋರ್ಡು ಬರೆಯುವವರು ಬಳಸುವ ಈ ಬಿಟ್ಟು ಮೊದಲ ತೋಡಿನಲ್ಲಿಯೇ ಕಪ್ಪನ್ನು ಓಡಿಸಿತು. ಮೂರನೆಯ ದಾರಿ, ವಿದ್ಯುನ್ಮಾನ ನಿಯಂತ್ರಣವಿದ್ದು 10,000ದಿಂದ 30,000 ಸುತ್ತುಗಳವರೆಗೆ ಹೊಂದಿಸಬಹುದಾದ ಟ್ರಿಮ್ಮರನ್ನು ಕೊಳ್ಳುವುದು, ದುಬಾರಿಯಾದರೂ ಅಂತಿಮವಾಗಿ ಸರಿಯಾದುದು. 12,000 ಸುತ್ತುಗಳಲ್ಲಿ ಎರಡು ಅಲಗಿನ ಬಿಟ್ಟು ನಿಮಿಷಕ್ಕೆ 1200 ಮಿಲಿಮೀಟರ್ ನಡೆದರೆ ಅದೇ 0.05 ಬರುತ್ತದೆ, ಸದ್ದಂತೂ ಅರ್ಧಕ್ಕಿಳಿಯುತ್ತದೆ. ಅಕ್ಕಪಕ್ಕದ ಮನೆಯವರ ದೃಷ್ಟಿಯಿಂದ ಈ ಕೊನೆಯ ಲಾಭವೇ ದೊಡ್ಡದಾಗಿತ್ತು.

ಸುಡುವುದು ನಿಂತ ಮೇಲೆ ಅಂಚುಗಳ ಗುಣ ಕಣ್ಣಿಗೆ ಬಿದ್ದಿತು. ಮೇಲ್ಪದರದ ಎಳೆಯ ಉದ್ದಕ್ಕೂ ಸಾಗಿದ ತೋಡು ನುಣುಪಾಗಿದ್ದರೆ ಎಳೆಗೆ ಅಡ್ಡವಾಗಿ ಸಾಗಿದ್ದು ನಾರುನಾರಾಗಿ ಕಿತ್ತಿತ್ತು. ಓರೆಯಾಗಿ ಸಾಗಿದ ತೋಡಿನಲ್ಲಿ ಒಂದು ಬದಿ ನುಣುಪು, ಇನ್ನೊಂದು ಬದಿ ತರಿತರಿ. ಇಲ್ಲಿ ಯಂತ್ರದ ತಪ್ಪೇನೂ ಇಲ್ಲ. ಬಿಟ್ಟಿನ ಸುರುಳಿಯ ದಿಕ್ಕು ಹೆಚ್ಚು ಮುಖ್ಯವಾದುದು: ಚಕ್ಕೆಯನ್ನು ಮೇಲಕ್ಕೆಳೆಯುವ ಸುರುಳಿ ತೋಡನ್ನು ಸ್ವಚ್ಛವಾಗಿಡುತ್ತದೆ ಆದರೆ ಮೇಲ್ಪದರದ ನಾರನ್ನು ಎಬ್ಬಿಸುತ್ತದೆ, ಕೆಳಕ್ಕೊತ್ತುವ ಸುರುಳಿ ಮೇಲಂಚನ್ನು ಚೊಕ್ಕವಾಗಿಸುತ್ತದೆ ಆದರೆ ಪುಡಿಯನ್ನು ತೋಡಿನಲ್ಲಿಯೇ ತುರುಕಿ ಕಾವು ಹೆಚ್ಚಿಸುತ್ತದೆ. ತುದಿಯಲ್ಲಿ ಮೇಲ್ಮುಖವೂ ಉಳಿದ ಭಾಗದಲ್ಲಿ ಕೆಳಮುಖವೂ ಆದ ಕಂಪ್ರೆಶನ್ ಬಿಟ್ಟುಗಳು ಪ್ಲೈವುಡ್ಡಿನಂಥ ಹಲಗೆಗಳಿಗೆ ಹೇಳಿಮಾಡಿಸಿದವು. ಅವು ಕೆಲಸಮಾಡಬೇಕಾದರೆ ಕೊಯ್ತದ ಮೊದಲ ಸುತ್ತಿನಲ್ಲಿಯೇ ಮೇಲ್ಮುಖದ ಭಾಗ ಪೂರ್ತಿ ಮರದೊಳಗೆ ಮುಳುಗುವಷ್ಟು ಆಳಕ್ಕೆ ಇಳಿಯಬೇಕು, ಆ ಆಳವನ್ನು ತಳ್ಳುವ ಬಿಗುವು ಬೆಲ್ಟಿನ ಯಂತ್ರದಲ್ಲಿ ಇರಲಿಲ್ಲ. ಅಲ್ಪ ಆಳದ ಸುತ್ತುಗಳಲ್ಲಿ ಅದನ್ನು ಬಳಸಿದರೆ ಅದು ಬರಿಯ ದುಬಾರಿ ಮೇಲ್ಮುಖದ ಬಿಟ್ಟು. ಕೊನೆಗೆ ಗುಂಪು ನೆಚ್ಚಿಕೊಂಡದ್ದು ಸೀದಾ ಅಲಗಿನ ಸಾಮಾನ್ಯ ಕಾರ್ಬೈಡ್ ಬಿಟ್ಟು ಮತ್ತು ಕೊಯ್ಯುವ ಗೆರೆಯ ಮೇಲೆ ಅಂಟಿಸಿದ ಕಾಗದದ ಟೇಪು.

ಅಳತೆಯ ನಿಖರತೆಗೆ 50 ಮಿಲಿಮೀಟರ್ ಚೌಕಗಳನ್ನು ಕತ್ತರಿಸಿ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಲಾಗುತ್ತಿತ್ತು. ಬಿಟ್ಟು ತುಂಡಿನ ಸುತ್ತ ಯಾವ ದಿಕ್ಕಿನಲ್ಲಿ ಸಾಗುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಲಗು ಮುನ್ನಡೆಗೆ ಎದುರಾಗಿ ಕಚ್ಚುವಂತೆ ಸಾಗಿದರೆ ಬಿಟ್ಟು ತುಂಡಿನೊಳಕ್ಕೆ ಸೆಳೆಯಲ್ಪಟ್ಟು ಚೌಕ ಚಿಕ್ಕದಾಗುತ್ತದೆ; ಅಲಗು ಮರದ ಮೇಲೆ ಹತ್ತಿ ಸಾಗುವ ದಿಕ್ಕಿನಲ್ಲಿ ಬಿಟ್ಟು ಹೊರಕ್ಕೆ ತಳ್ಳಲ್ಪಟ್ಟು ಚೌಕ ದೊಡ್ಡದಾಗುತ್ತದೆ. ಒಂದೇ ಕಡತದಿಂದ ಎರಡು ದಿಕ್ಕಿನಲ್ಲಿ ಕತ್ತರಿಸಿದ ಎರಡು ಚೌಕಗಳ ವ್ಯತ್ಯಾಸವು ಬಾಗುವಿಕೆಯ ನೇರ ಅಳತೆ. ಸ್ಪ್ರಿಂಗ್ ತಕ್ಕಡಿ ಹೇಳಿದ್ದನ್ನು ಅದು ಮರದ ಮೂಲಕ ಮತ್ತೊಮ್ಮೆ ಹೇಳಿತು. ಅಂಚಿನಲ್ಲಿ 0.3 ಮಿಲಿಮೀಟರ್ ಉಳಿಸಿ ಮೊದಲು ಒರಟಾಗಿ ಕತ್ತರಿಸಿ, ಕೊನೆಯ ಸುತ್ತಿನಲ್ಲಿ ಆ ತೆಳುಪದರವನ್ನಷ್ಟೇ ಸವರಿದಾಗ ಬಿಟ್ಟಿನ ಮೇಲಿನ ಬಲ ತಗ್ಗಿ ವ್ಯತ್ಯಾಸ ಬಹುಮಟ್ಟಿಗೆ ಮಾಯವಾಯಿತು. ಹವ್ಯಾಸಿ ಯಂತ್ರಗಳ ಕುರಿತು ಕೊಡಬಹುದಾದ ಸಲಹೆಗಳಲ್ಲಿ ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಬೇರೊಂದಿಲ್ಲ.

ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಸ್ಟೂಲು, ಪುಸ್ತಕದ ಗೂಡು ಮಾಡುವ ಹಂತದಲ್ಲಿ ಮತ್ತೆ ಹಲಗೆಯ ಸರದಿ ಬಂದಿತು. 12 ಎಂದು ಕೊಂಡದ್ದು ಒಂದು ಮೂಲೆಯಲ್ಲಿ 11.5, ಇನ್ನೊಂದರಲ್ಲಿ 11.8 ಇರುತ್ತಿತ್ತು, ಯಂತ್ರವು 0.1 ಮಿಲಿಮೀಟರಿಗೆ ನಿಷ್ಠವಾಗಿದ್ದರೂ ತುಂಡು ಕೂರುವ ಸೀಳಿನ ಅಗಲ ಹಲಗೆಯ ನಿಜವಾದ ದಪ್ಪಕ್ಕೆ ಹೊಂದದಿದ್ದರೆ ಕೂಡಿಕೆ ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಜೋಲಾಡುತ್ತದೆ. ತಿರುಗುವ ಬಿಟ್ಟು ಒಳಮೂಲೆಯನ್ನು ದುಂಡಾಗಿಯೇ ಬಿಡುವುದರಿಂದ ಪ್ರತಿ ಒಳಮೂಲೆಗೂ ಸ್ವಲ್ಪ ಹೊರಚಾಚಿದ ಅರ್ಧವೃತ್ತದ ಕಡಿತ ಕೊಡಬೇಕಾಗುತ್ತದೆ. ಕತ್ತರಿಸಿದ ತುಂಡು ಕೊನೆಯ ಸುತ್ತಿನಲ್ಲಿ ಎಗರದಂತೆ ಅಲ್ಲಲ್ಲಿ ಉಳಿಸುವ ಸಣ್ಣ ಸೇತುವೆಗಳು, ಅಂದರೆ ಟ್ಯಾಬುಗಳು, ಒಳಗಿನ ಪೊಳ್ಳಿನ ಮೇಲೆಯೇ ಬಿದ್ದರೆ ಹಿಡಿತ ಹೋಗುತ್ತದೆ. ಆಗ ತುಂಡು ಬಿಟ್ಟಿಗೆ ಸಿಕ್ಕಿ ಹಾಳಾಗುತ್ತದೆ. ಪೊಳ್ಳನ್ನು ಮೊದಲು ಕಂಡುಹಿಡಿಯುವುದು ಕಿವಿ: ಬಿಟ್ಟು ಅದರೊಳಗೆ ಹೊಕ್ಕಾಗ ಸದ್ದು ಒಮ್ಮೆಗೇ ಹಗುರಾಗುತ್ತದೆ. ಇನ್ನು ಅಂಟು. ಒಂದೇ ಆಳದಲ್ಲಿ ಬಹಳ ಕಾಲ ದುಡಿದ ಬಿಟ್ಟನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಅಲಗಿನ ಮೇಲೆ ಅಂಟಿನ ರೇಖೆಗಳು ತಾಗಿದ ಎತ್ತರದಲ್ಲಿ ಕಚ್ಚುಗಳು ಬಿದ್ದಿರುವುದು ಕಾಣುತ್ತಿತ್ತು. ಮರಕ್ಕಿಂತ ಗಟ್ಟಿಯಾದ ರಾಳವೇ ಅಲಗನ್ನು ತಿನ್ನುತ್ತದೆ. ಹೈಸ್ಪೀಡ್ ಉಕ್ಕಿನ ಬಿಟ್ಟುಗಳು ಇಲ್ಲಿ ಬಾಳುವುದಿಲ್ಲ.

ದೂಳಿನ ಮಾತನ್ನು ಹೇಳದೆ ಇಂಥ ಬರಹವನ್ನು ಮುಗಿಸುವಂತಿಲ್ಲ. ಮರದ ದೂಳನ್ನೂ ಫಾರ್ಮಾಲ್ಡಿಹೈಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲಿಯೇ ಇರಿಸಿದೆ, ಮುಚ್ಚಿದ ಕೋಣೆಯಲ್ಲಿ ಪ್ಲೈವುಡ್ ಕೊಯ್ಯುವವನು ಎರಡನ್ನೂ ಒಟ್ಟಿಗೆ ಸೇವಿಸುತ್ತಾನೆ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಬಿಟ್ಟಿನ ಪಕ್ಕಕ್ಕೆ ಕಟ್ಟಿದ ಮೇಲೆ ಗಾಳಿ ಶುದ್ಧವಾಯಿತು, ಆದರೆ ಯಂತ್ರವು ಕೆಲಸದ ನಡುವೆ ಕಾರಣವಿಲ್ಲದೆ ನಿಲ್ಲತೊಡಗಿತು. ಒಣ ಪುಡಿ ಪ್ಲಾಸ್ಟಿಕ್ ಕೊಳವೆಯಲ್ಲಿ ಉಜ್ಜಿ ಹುಟ್ಟಿಸಿದ ಸ್ಥಾಯೀ ವಿದ್ಯುತ್ತು ಆರ್ಡುಯಿನೊ ಫಲಕಕ್ಕೆ ಹಾರಿ ಅದನ್ನು ಮೂರ್ಛೆಗೊಳಿಸುತ್ತಿತ್ತು. ಕೊಳವೆಯೊಳಗೆ ಬರಿಯ ತಾಮ್ರದ ತಂತಿಯನ್ನು ಹಾಯಿಸಿ ಅರ್ಥಿಂಗಿಗೆ ಜೋಡಿಸಿದ ಮೇಲೆ ಅದು ನಿಂತಿತು.

ಇಷ್ಟೆಲ್ಲದರ ಬಳಿಕ ಆ ಯಂತ್ರದ ಯೋಗ್ಯತೆಯ ಬಗ್ಗೆ ಹೇಳಬಹುದಾದದ್ದು ಸ್ಪಷ್ಟವಾಗಿದೆ. 6 ಮಿಲಿಮೀಟರಿನ ಎರಡು ಅಲಗಿನ ಬಿಟ್ಟು, ನಿಮಿಷಕ್ಕೆ 12,000 ಸುತ್ತು, ನಿಮಿಷಕ್ಕೆ 1200 ಮಿಲಿಮೀಟರ್ ಮುನ್ನಡೆ, ಕೊಯ್ತದ ಪ್ರತಿ ಸುತ್ತಿಗೆ 2 ಮಿಲಿಮೀಟರ್ ಆಳ: ಇವು ಅದು ಹೆಜ್ಜೆ ತಪ್ಪದೆ, ಮರ ಸುಡದೆ ನಡೆಸಬಲ್ಲ ಅಂಕಿಗಳು. 12 ಮಿಲಿಮೀಟರ್ ಹಲಗೆಗೆ ಆರು ಸುತ್ತು ಬೇಕು. ಒಂದು ಸಣ್ಣ ಸ್ಟೂಲಿನ ತುಂಡುಗಳ ಒಟ್ಟು ಅಂಚು ಆರು ಮೀಟರ್ ಎಂದಾದರೆ ಬಿಟ್ಟು 36 ಮೀಟರ್ ನಡೆಯಬೇಕು, ಅಂದರೆ ಏರಿಳಿತಗಳನ್ನು ಬಿಟ್ಟು ಅರ್ಧ ಗಂಟೆ. ಕಾರ್ಖಾನೆಯ ದೊಡ್ಡ ರೌಟರ್ ಅದೇ ಹಲಗೆಯನ್ನು ಒಂದೇ ಸುತ್ತಿನಲ್ಲಿ ಇದಕ್ಕಿಂತ ಹೆಚ್ಚಿನ ವೇಗದಲ್ಲಿ ಕತ್ತರಿಸಿ ಮುಗಿಸುತ್ತದೆ. ಒಂದೆರಡು ವಸ್ತುಗಳನ್ನು ತಾನೇ ರೂಪಿಸಿ ಮಾಡಿಕೊಳ್ಳುವ ಹವ್ಯಾಸಿಗೆ ಆ ಅರ್ಧ ಗಂಟೆ ಭಾರವಲ್ಲ; ದಿನವೂ 19 ಮಿಲಿಮೀಟರ್ ಹಲಗೆ ಕೊಯ್ಯಬೇಕಾದವರು ಬೆಲ್ಟಿನ ಯಂತ್ರಕ್ಕೆ ಹಣ ಹಾಕುವ ಬದಲು ಪೀಣ್ಯದಲ್ಲಿ ಕೂಲಿಗೆ ಕೊಯ್ಯಿಸಿಕೊಳ್ಳುವುದೇ ಲಾಭ. ಈಗ ಸಿದ್ಧ ಯಂತ್ರಗಳು ಪೆಟ್ಟಿಗೆಯಲ್ಲಿಯೇ ಮನೆಗೆ ಬರುತ್ತವೆ. ಅವನ್ನು ಕೊಳ್ಳುವವರು ಮಾರಾಟಗಾರರ ವಿಡಿಯೋದಲ್ಲಿ ಕಾಣುವ ವೇಗವನ್ನು ನಂಬದೆ, ತಾವು ಮುಂದೆ ಬಳಸಲಿರುವ ದರ್ಜೆಯ ಪ್ಲೈವುಡ್ಡನ್ನೇ ಅರ್ಧ ಶೀಟು ತಂದು, ಅದರ ನಾಲ್ಕು ಮೂಲೆಗಳ ದಪ್ಪವನ್ನು ಅಳೆದು ಹಲಗೆಯ ಮೇಲೆ ಬರೆದು, ಆಮೇಲೆ ಮೊದಲ ತೋಡನ್ನು ಕೊರೆಯಲಿ.